ವ್ಯಾಂಗೆಲಿಸ್ ಅವರ ಸಿಂಥಸೈಜರ್ ನಾದವನ್ನು ಸಾಫ್ಟ್‌ವೇರಿನಲ್ಲಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಗೆಳೆಯರು, ಪರಿಚಿತರ ಮಕ್ಕಳು ಮತ್ತು ಮುಖ ನೋಡಿರದ ಓದುಗರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಬಹುಮಟ್ಟಿಗೆ ಅವರದೇ ಮಾತಿನಲ್ಲಿವೆ. ಈಗಷ್ಟೇ ಆರಂಭಿಸುವವರು ಮೊದಲಿನಿಂದ ಓದಬಹುದು. ಪ್ಯಾಚ್ (ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ಒಂದು ನಾದಕ್ಕಾಗಿ ಮಾಡಿದ ಹೊಂದಿಕೆ) ಕಟ್ಟಿ ಅಭ್ಯಾಸವಿರುವವರು ನೇರವಾಗಿ ಎರಡನೆಯ ಭಾಗಕ್ಕೆ ಹೋಗಬಹುದು.

ಭಾಗ 1: ಆರಂಭ

ವ್ಯಾಂಗೆಲಿಸ್ ಅಂದರೆ ಯಾರು? ಅವರ ಸಿಂಥಸೈಜರ್ ಬಗ್ಗೆ ಇಷ್ಟೊಂದು ಮಾತು ಏಕೆ?

ವ್ಯಾಂಗೆಲಿಸ್ ಗ್ರೀಸ್ ದೇಶದ ಸಂಯೋಜಕರು. 1943ರಲ್ಲಿ ವೋಲೊಸ್ ಪಟ್ಟಣದ ಬಳಿಯ ಅಗ್ರಿಯಾದಲ್ಲಿ ಹುಟ್ಟಿ, 2022ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಸಂಗೀತವನ್ನು ತಾವಾಗಿಯೇ ಕಲಿತವರು. ಸ್ವರಲಿಪಿಯನ್ನು ನೆಚ್ಚಿಕೊಳ್ಳದೆ ಕೀಬೋರ್ಡಿನ ಮುಂದೆ ಕುಳಿತು ಅಲ್ಲಿಯೇ ನುಡಿಸುತ್ತ ರಚಿಸುವುದು ಅವರ ರೀತಿಯಾಗಿತ್ತು. 1975ರಿಂದ 1987ರವರೆಗೆ ಲಂಡನ್ನಿನಲ್ಲಿದ್ದ ಅವರ ನೀಮೊ ಸ್ಟುಡಿಯೋದಲ್ಲಿ ಅವರ ಹೆಸರುವಾಸಿ ಕೆಲಸದ ಬಹುಪಾಲು ನಡೆಯಿತು. 'ಚಾರಿಯಟ್ಸ್ ಆಫ್ ಫೈರ್' ಚಿತ್ರದ ಸಂಗೀತಕ್ಕೆ 1982ರಲ್ಲಿ ಆಸ್ಕರ್ ಬಂದಿತು. ಅದೇ ವರ್ಷ 'ಬ್ಲೇಡ್ ರನ್ನರ್' ತೆರೆಕಂಡಿತು.

ಮಾತು ಹೆಚ್ಚಾಗಿರುವುದಕ್ಕೆ ಕಾರಣವಿದೆ. ಆ ಕಾಲದ ಬಹಳಷ್ಟು ಸಿಂಥಸೈಜರ್ ಸಂಗೀತ ಗಡಿಯಾರದಂತೆ ನಡೆಯುತ್ತಿದ್ದಾಗ, ಇವರದು ಉಸಿರಾಡುವಂತೆ ಕೇಳಿಸುತ್ತಿತ್ತು. ಒಂದೇ ಸ್ವರ ಮೆಲ್ಲಗೆ ಹುಟ್ಟಿ, ಉಬ್ಬಿ, ತುದಿಯಲ್ಲಿ ನಡುಗಿ, ದೊಡ್ಡ ಕತ್ತಲೆಯ ಹಜಾರದಲ್ಲಿ ಕರಗಿದಂತೆ ಭಾಸವಾಗುತ್ತದೆ. ಜನ ಕಟ್ಟಲು ಹೊರಡುವುದು ಆ ನಾದವನ್ನೇ.

ಅವರು ನುಡಿಸುತ್ತಿದ್ದ ಸಿಎಸ್-80 ವಾದ್ಯದಲ್ಲಿ ಅಂಥದ್ದೇನಿತ್ತು?

ಯಮಾಹಾ ಕಂಪನಿಯು 1970ರ ದಶಕದ ಉತ್ತರಾರ್ಧದಲ್ಲಿ ತಂದ ಸಿಎಸ್-80 ಎಂಟು ಸ್ವರಗಳನ್ನು ಏಕಕಾಲಕ್ಕೆ ನುಡಿಸಬಲ್ಲ ಅನಲಾಗ್ ಸಿಂಥಸೈಜರ್. ಅದರ ಪ್ರತಿ ಸ್ವರದ ಹಿಂದೆ ಎರಡು ಪೂರ್ಣ ಪದರಗಳಿದ್ದವು. ಒಂದೊಂದು ಪದರಕ್ಕೂ ತನ್ನದೇ ಆಸಿಲೇಟರ್ (ಮೂಲ ತರಂಗ ಹುಟ್ಟಿಸುವ ಭಾಗ), ತನ್ನದೇ ಹೈಪಾಸ್ ಮತ್ತು ಲೋಪಾಸ್ ಫಿಲ್ಟರ್ (ಕ್ರಮವಾಗಿ ಕೆಳಗಿನ ಮತ್ತು ಮೇಲಿನ ಕಂಪನಾಂಕಗಳನ್ನು ತಡೆಯುವ ಜರಡಿಗಳು), ತನ್ನದೇ ಎನ್ವಲಪ್‌ಗಳು (ಕಾಲ ಕಳೆದಂತೆ ನಾದದ ಏರಿಳಿತವನ್ನು ನಡೆಸುವ ಭಾಗಗಳು) ಇದ್ದವು. ಒಂದು ಕೀ ಒತ್ತಿದರೆ ಇಬ್ಬರು ವಾದಕರು ಒಟ್ಟಿಗೆ ಒಂದೇ ಸ್ವರ ಹಿಡಿದಂತೆ ಆಗುತ್ತಿತ್ತು.

ಇದಕ್ಕಿಂತ ಮುಖ್ಯವಾದದ್ದು ಅದರ ಕೀಬೋರ್ಡ್. 61 ಕೀಗಳಲ್ಲಿ ಪ್ರತಿಯೊಂದೂ ಎಷ್ಟು ವೇಗವಾಗಿ ಬಿದ್ದಿತು ಎಂಬುದನ್ನು ಮಾತ್ರವಲ್ಲ, ಬಿದ್ದ ಮೇಲೆ ಬೆರಳು ಎಷ್ಟು ಒತ್ತುತ್ತಿದೆ ಎಂಬುದನ್ನೂ ಬೇರೆಬೇರೆಯಾಗಿ ಗ್ರಹಿಸುತ್ತಿತ್ತು. ನಾಲ್ಕು ಸ್ವರಗಳ ಮೇಳದಲ್ಲಿ ಮೇಲಿನ ಸ್ವರವನ್ನು ಮಾತ್ರ ಒತ್ತಿ, ಅದೊಂದನ್ನೇ ಪ್ರಕಾಶಗೊಳಿಸಿ, ಅದೊಂದಕ್ಕೇ ಕಂಪನ ಕೊಡಬಹುದಾಗಿತ್ತು. ಕೀಗಳ ಮೇಲ್ಭಾಗದಲ್ಲಿ ಉದ್ದಕ್ಕೆ ಒಂದು ರಿಬ್ಬನ್ ಪಟ್ಟಿ ಇತ್ತು. ಅದರ ಮೇಲೆ ಬೆರಳು ಜಾರಿಸಿ ಶ್ರುತಿಯನ್ನು ಎಳೆಯಬಹುದಾಗಿತ್ತು. ಇಂದಿಗೂ ಮಾರುಕಟ್ಟೆಯ ಬಹುಪಾಲು ಕೀಬೋರ್ಡ್‌ಗಳು ಇಷ್ಟನ್ನು ಮಾಡುವುದಿಲ್ಲ.

ಹಾಗಾದರೆ ಅಸಲಿ ವಾದ್ಯವನ್ನೇ ಹುಡುಕಿ ಕೊಳ್ಳಬಾರದೇ?

ಕೊಳ್ಳಬಾರದೆಂದಿಲ್ಲ, ಆದರೆ ಅದರ ತೂಕ ಸುಮಾರು 100 ಕಿಲೋ. ತಯಾರಿಕೆ 1980ರಲ್ಲೇ ನಿಂತಿದೆ, ಒಳಗಿನ ಯಮಾಹಾದ ಸ್ವಂತ ಚಿಪ್‌ಗಳು ಹೊಸದಾಗಿ ಸಿಗುವುದಿಲ್ಲ, ಶ್ರುತಿ ಶಾಖಕ್ಕೂ ಸಾಗಾಟಕ್ಕೂ ಕದಲುತ್ತದೆ. ಬಳಕೆದಾರರ ಪ್ಯಾಚ್ ಉಳಿಸಲು ಅದರಲ್ಲಿದ್ದ ವ್ಯವಸ್ಥೆ ಒಂದು ಮುಚ್ಚಳದ ಕೆಳಗಿನ ನಾಲ್ಕು ಸಾಲು ಪುಟಾಣಿ ಸ್ಲೈಡರುಗಳು, ಅಂದರೆ ಮುಂಭಾಗದ ಹಲಗೆಯದೇ ನಾಲ್ಕು ಚಿಕ್ಕ ನಕಲುಗಳು. ಈ ಯಂತ್ರ ಇರುವ ಮನೆಯಲ್ಲಿ ಅದನ್ನು ರಿಪೇರಿ ಮಾಡಬಲ್ಲವರೂ ಒಬ್ಬರು ಇರಬೇಕಾಗುತ್ತದೆ. ಹೀಗಾಗಿ ನಮ್ಮಂಥವರಿಗೆ ಸಾಫ್ಟ್‌ವೇರ್ ಒಂದೇ ದಾರಿ, ಮತ್ತು ಅದು ಕೀಳಾದ ದಾರಿಯೇನೂ ಅಲ್ಲ.

ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ? ದುಡ್ಡು ಕೊಡಲೇಬೇಕೇ?

ಕೊಡಲೇಬೇಕೆಂದಿಲ್ಲ. ಈ ವಾದ್ಯವನ್ನೇ ಗುರಿಯಾಗಿಟ್ಟು ಮಾಡಿದ ಪ್ಲಗಿನ್‌ಗಳಲ್ಲಿ (ಧ್ವನಿಮುದ್ರಣದ ಸಾಫ್ಟ್‌ವೇರಿನೊಳಗೆ ಸೇರಿಕೊಳ್ಳುವ ಚಿಕ್ಕ ಸಾಫ್ಟ್‌ವೇರುಗಳಲ್ಲಿ) ಆರ್ಟೂರಿಯಾ ಕಂಪನಿಯ ಸಿಎಸ್-80 ವಿ ಹಳೆಯದು. ಮೊದಲ ಆವೃತ್ತಿ 2003ರಲ್ಲಿ ಬಂದಿತು. ಚೆರಿ ಆಡಿಯೋದ ಜಿಎಕ್ಸ್-80 ಎಂಬುದು 2022ರಲ್ಲಿ ಬಂದದ್ದು; ಅದು ಸಿಎಸ್-80ರ ಜೊತೆಗೆ ಅದರ ಪೂರ್ವಜನಾದ ಜಿಎಕ್ಸ್-1 ಎಂಬ ದೈತ್ಯವಾದ್ಯವನ್ನೂ ಸೇರಿಸಿಕೊಂಡಿದೆ. ಎರಡೂ ಹಣ ಕೊಟ್ಟು ಕೊಳ್ಳುವಂಥವು. ಎರಡಕ್ಕೂ ಪ್ರಯೋಗದ ಆವೃತ್ತಿ ಇದೆ, ಮೊದಲು ಅದನ್ನು ಹಾಕಿ ನೋಡುವುದು ಒಳ್ಳೆಯದು.

ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿ ಮುಕ್ತ ಆಕರದ ಸಿಂಥ್. ಇದು ಸಿಎಸ್-80ರ ನಕಲಲ್ಲ, ಆದರೆ ಅದರ ರಚನೆ ನಮ್ಮ ಕೆಲಸಕ್ಕೆ ಅಚ್ಚರಿಯೆನಿಸುವಷ್ಟು ಹೊಂದುತ್ತದೆ: ಎ ಮತ್ತು ಬಿ ಎಂಬ ಎರಡು ಸೀನ್‌ಗಳು, ಅಂದರೆ ಪದರಗಳು, ಇವೆ, ಪ್ರತಿ ಸೀನಿಗೂ ಎರಡು ಫಿಲ್ಟರುಗಳಿವೆ, ಪ್ರತಿ ಕೀಯ ಒತ್ತಡವನ್ನು ಬೇರೆಬೇರೆಯಾಗಿ ತೆಗೆದುಕೊಳ್ಳುವ ಸೌಲಭ್ಯವಿದೆ. ಸಿದ್ಧ ನಕಲನ್ನು ಕೊಂಡವರು ಪ್ರಿಸೆಟ್ (ಸಿದ್ಧ ಪ್ಯಾಚ್) ತಿರುಗಿಸುತ್ತ ಸಂಜೆಗಳನ್ನು ಕಳೆಯುತ್ತಾರೆ. ಸರ್ಜ್‌ನಲ್ಲಿ ಕಟ್ಟಿದವರಿಗೆ ನಾದ ಹೇಗಾಯಿತು ಎಂಬುದು ತಿಳಿದಿರುತ್ತದೆ. ಕಲಿಯುವವರಿಗೆ ನಾನು ಸರ್ಜ್ ಅನ್ನೇ ಹೇಳುತ್ತೇನೆ. ಕೆಳಗಿನ ಅಳತೆಗಳೆಲ್ಲ ಅದನ್ನು ಮನಸ್ಸಿನಲ್ಲಿಟ್ಟು ಬರೆದವು.

ನನ್ನ ಹತ್ತಿರ ಸಾಧಾರಣ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಕೀಬೋರ್ಡ್ ಮಾತ್ರ ಇದೆ. ಸಾಕಾಗುತ್ತದಾ?

ಆರಂಭಕ್ಕೆ ಸಾಕು. ಸರ್ಜ್ ಎಕ್ಸ್‌ಟಿ ತಾನೊಂದೇ ತೆರೆದುಕೊಳ್ಳುತ್ತದೆ, ಆದ್ದರಿಂದ ಧ್ವನಿಮುದ್ರಣದ ಸಾಫ್ಟ್‌ವೇರ್ ಕೂಡ ಮೊದಲ ದಿನವೇ ಬೇಕಿಲ್ಲ. ಗಮನಿಸಬೇಕಾದದ್ದು ಕೀ ಒತ್ತಿದ ಮೇಲೆ ಧ್ವನಿ ಬರುವವರೆಗಿನ ವಿಳಂಬ. ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಿದ್ಧಪಡಿಸುವ ಧ್ವನಿಯ ಕಂತು) 1024 ಸ್ಯಾಂಪಲ್ ಇದ್ದರೆ, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದೊಂದೇ 23 ಮಿಲಿಸೆಕೆಂಡ್ ತಡ ಮಾಡುತ್ತದೆ ಮತ್ತು ಬೆರಳಿಗೆ ಅದು ಗೊತ್ತಾಗುತ್ತದೆ. 256ಕ್ಕೆ ಇಳಿಸಿದರೆ ಸುಮಾರು 6 ಮಿಲಿಸೆಕೆಂಡ್ ಆಗುತ್ತದೆ. ವಿಂಡೋಸ್ ಬಳಸುವವರು ತಮ್ಮ ಆಡಿಯೋ ಇಂಟರ್‌ಫೇಸಿನ ಎಎಸ್‌ಐಒ ಎಂಬ, ವಿಳಂಬ ತಗ್ಗಿಸುವ ಡ್ರೈವರ್ ಹಾಕಿಕೊಳ್ಳಬೇಕು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಈ ನಾದದ ಕೆಳಭಾಗವೇ ಕೇಳಿಸುವುದಿಲ್ಲವಾದ್ದರಿಂದ ಒಂದು ಹದವಾದ ಹೆಡ್‌ಫೋನ್ ಬೇಕು.

ಭಾಗ 2: ನಾದವನ್ನು ಕಟ್ಟುವುದು

ಯಾವ ಧ್ವನಿಮುದ್ರಣವನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು? ಒಂದೊಂದು ಕಡೆ ಒಂದೊಂದು ಥರ ಕೇಳಿಸುತ್ತದಲ್ಲ?

ಇದನ್ನು ಕೇಳದೆಯೇ ಕೆಲಸಕ್ಕೆ ಇಳಿದವರು ವಾರಗಟ್ಟಲೆ ದಾರಿ ತಪ್ಪುತ್ತಾರೆ. 'ಬ್ಲೇಡ್ ರನ್ನರ್' ಚಿತ್ರ 1982ರದ್ದಾದರೂ ವ್ಯಾಂಗೆಲಿಸ್ ಅವರ ಸ್ವಂತ ಧ್ವನಿಮುದ್ರಣ ಅಧಿಕೃತವಾಗಿ ಹೊರಬಂದದ್ದು 1994ರಲ್ಲಿ. ನಡುವಿನ ಕಾಲದಲ್ಲಿ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ನ್ಯೂ ಅಮೆರಿಕನ್ ಆರ್ಕೆಸ್ಟ್ರಾ ನುಡಿಸಿದ ಆವೃತ್ತಿ. ಅದರಲ್ಲಿ ನೀವು ಹುಡುಕುವ ನಾದ ಇಲ್ಲ. ಇಂದು ಆನ್‌ಲೈನ್‌ನಲ್ಲಿ ಬೇರೆಯವರು ಮರುನುಡಿಸಿದ ಅನೇಕ ಆವೃತ್ತಿಗಳೂ ಮೂಲದ ಹೆಸರಿನಲ್ಲೇ ತಿರುಗಾಡುತ್ತವೆ. ನಕಲಿನ ನಕಲನ್ನು ಮಾಡುತ್ತ ಕುಳಿತರೆ ಮೂಲದ ಒಂದು ಗುಣವೂ ಕೈಗೆ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ವ್ಯಾಂಗೆಲಿಸ್ ನಾದವೆಲ್ಲ ಸಿಎಸ್-80 ಅಲ್ಲ. 1975ರ 'ಹೆವನ್ ಅಂಡ್ ಹೆಲ್' ಆ ವಾದ್ಯ ಬರುವುದಕ್ಕೆ ಮುಂಚಿನದು. ಅವರು ವಿದ್ಯುತ್ ಪಿಯಾನೊ, ರೋಲ್ಯಾಂಡ್ ವಿಪಿ-330 ಎಂಬ ವೊಕೋಡರ್ (ಮಾತಿನ ಬಣ್ಣವನ್ನು ವಾದ್ಯದ ನಾದಕ್ಕೆ ಕೊಡುವ ಯಂತ್ರ), ನಿಜವಾದ ಪಿಯಾನೊ ಮತ್ತು ತಾಳವಾದ್ಯಗಳನ್ನೂ ಧಾರಾಳವಾಗಿ ಬಳಸಿದವರು. ಮಾದರಿಯಾಗಿ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿ: ಹಿನ್ನೆಲೆಯಲ್ಲಿ ಬೇರೇನೂ ಇಲ್ಲದೆ ಒಂದೇ ಸ್ವರ ಹುಟ್ಟಿ ಸಾಯುವ ಹತ್ತು ಸೆಕೆಂಡು. ಅದನ್ನು ಅರ್ಧ ವೇಗಕ್ಕೆ ಇಳಿಸಿ, ಸ್ವರ ಪೂರ್ತಿ ತೆರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಗಳಿಗೆಯಲ್ಲಿ ಕಂಪನ ಸೇರುತ್ತದೆ, ಬಿಟ್ಟ ಮೇಲೆ ಮೊದಲು ಮಸುಕಾಗುತ್ತದೆಯೋ ಮೆಲ್ಲಗಾಗುತ್ತದೆಯೋ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಆ ಉಬ್ಬಿ ಬರುವ ಹಿತ್ತಾಳೆ ವಾದ್ಯದಂಥ ನಾದವನ್ನು ಸೊನ್ನೆಯಿಂದ ಕಟ್ಟುವುದು ಹೇಗೆ?

ಸರ್ಜ್‌ನಲ್ಲಿ ಖಾಲಿ ಪ್ಯಾಚ್ ತೆರೆದು ಸೀನ್ ಎ ಇಂದ ಆರಂಭಿಸೋಣ. ಒಂದೇ ಆಸಿಲೇಟರ್ ಸಾಕು. ಅದನ್ನು ಗರಗಸದ ಹಲ್ಲಿನ ಆಕಾರದ ಸಾಟೂತ್ ತರಂಗಕ್ಕೆ ತನ್ನಿ. ಫಿಲ್ಟರುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಇಟ್ಟು, ಮೊದಲನೆಯದನ್ನು 12 ಡಿಬಿಯ (ಪ್ರತಿ ಸ್ಥಾಯಿಗೆ 12 ಡೆಸಿಬೆಲ್ ತಗ್ಗಿಸುವ) ಹೈಪಾಸ್ ಮಾಡಿ ಸುಮಾರು 80 ಹರ್ಟ್ಸ್‌ನಲ್ಲಿ ನಿಲ್ಲಿಸಿ, ಎರಡನೆಯದನ್ನು 12 ಡಿಬಿಯ ಲೋಪಾಸ್ ಮಾಡಿ. ಬಹಳ ಮಂದಿ ಇಲ್ಲಿ 24 ಡಿಬಿ ಫಿಲ್ಟರ್ ಹಾಕಿ ತಪ್ಪುತ್ತಾರೆ. ಅದು ಮೂಗ್ ವಾದ್ಯದ ಗುಣ, ದಪ್ಪವಾಗಿ ಮುಚ್ಚಿಕೊಳ್ಳುತ್ತದೆ. ಸಿಎಸ್-80ರ ಫಿಲ್ಟರ್ ಮುಚ್ಚಿದಾಗಲೂ ಮೇಲಿನ ಎಳೆಗಳು ಸ್ವಲ್ಪ ಸೋರಿ ಬರುತ್ತಿರುತ್ತವೆ. ಆ ರೇಷ್ಮೆಯಂಥ ಅಂಚು ಅಲ್ಲಿಂದಲೇ ಬರುವುದು.

ಈಗ ಮುಖ್ಯ ಕೆಲಸ. ಸಿಎಸ್-80ರ ಫಿಲ್ಟರ್ ಎನ್ವಲಪ್ ಸಾಮಾನ್ಯ ಎಡಿಎಸ್‌ಆರ್ (ಅಟ್ಯಾಕ್ ಅಂದರೆ ಏರುವ ಕಾಲ, ಡಿಕೇ ಅಂದರೆ ಇಳಿಯುವ ಕಾಲ, ಸಸ್ಟೇನ್ ಅಂದರೆ ನೆಲೆಯ ಮಟ್ಟ, ರಿಲೀಸ್ ಅಂದರೆ ಕೈ ಬಿಟ್ಟ ಮೇಲೆ ಅಡಗುವ ಕಾಲ) ಅಲ್ಲ. ಅದರಲ್ಲಿ ಆರಂಭದ ಮಟ್ಟ ಮತ್ತು ಶಿಖರದ ಮಟ್ಟ ಎಂಬ ಎರಡು ಸ್ಲೈಡರುಗಳಿವೆ. ಫಿಲ್ಟರು ತನ್ನ ಕಟ್‌ಆಫ್‌ಗಿಂತ (ತಡೆ ಶುರುವಾಗುವ ಕಂಪನಾಂಕಕ್ಕಿಂತ) ಕೆಳಗಿನಿಂದ ಹೊರಟು, ಕಟ್‌ಆಫ್ ಅನ್ನು ದಾಟಿ ಮೇಲೇರಿ, ಮತ್ತೆ ಇಳಿದು ಕಟ್‌ಆಫ್‌ನಲ್ಲಿ ನೆಲೆಸುತ್ತದೆ; ಕೈ ಬಿಟ್ಟಾಗ ಆರಂಭದ ಮಟ್ಟಕ್ಕೆ ಮರಳುತ್ತದೆ. ಇದನ್ನು ಎಡಿಎಸ್‌ಆರ್‌ನಲ್ಲಿ ಕೂಡಿಸಲು ಚಿಕ್ಕ ಲೆಕ್ಕವೊಂದು ಸಾಕು. ಆರಂಭ 200 ಹರ್ಟ್ಸ್, ನೆಲೆ 800, ಶಿಖರ 3,200 ಬೇಕೆಂದು ಇಟ್ಟುಕೊಳ್ಳಿ. ಆಗ ಲೋಪಾಸಿನ ಕಟ್‌ಆಫ್ ಅನ್ನು 200ಕ್ಕೆ ಇಡಬೇಕು. 200ರಿಂದ 3,200ಕ್ಕೆ ನಾಲ್ಕು ಸ್ಥಾಯಿ, ಅಂದರೆ 48 ಸೆಮಿಟೋನ್, ಅಷ್ಟನ್ನು ಎನ್ವಲಪ್ ಪ್ರಮಾಣವಾಗಿ ಕೊಡಬೇಕು. 800 ಎಂಬುದು ಸರಿಯಾಗಿ ಎರಡು ಸ್ಥಾಯಿಯ ಮೇಲೆ, ಅಂದರೆ ಅರ್ಧ ದಾರಿಯಲ್ಲಿ ಬರುವುದರಿಂದ ಸಸ್ಟೇನ್ ಶೇಕಡ 50. ಅಟ್ಯಾಕ್ 500 ಮಿಲಿಸೆಕೆಂಡ್, ಡಿಕೇ ಒಂದೂವರೆ ಸೆಕೆಂಡ್, ರಿಲೀಸ್ ಒಂದೂವರೆ ಸೆಕೆಂಡ್ ಇರಲಿ. ರೆಸೊನೆನ್ಸ್ (ಕಟ್‌ಆಫ್ ಬಳಿಯ ಕಂಪನಾಂಕಗಳನ್ನು ಎತ್ತುವ ಗುಣ) ಶೇಕಡ 10 ದಾಟುವುದು ಬೇಡ.

ಧ್ವನಿಮಟ್ಟದ ಎನ್ವಲಪ್ ಇದಕ್ಕಿಂತ ಚುರುಕಾಗಿರಬೇಕು: ಅಟ್ಯಾಕ್ 100 ಮಿಲಿಸೆಕೆಂಡ್, ಸಸ್ಟೇನ್ ಪೂರ್ತಿ, ರಿಲೀಸ್ ಎರಡು ಸೆಕೆಂಡ್. ಧ್ವನಿ ಮೊದಲು ಬಂದು ಬೆಳಕು ಆಮೇಲೆ ಬರಬೇಕು. ಎರಡೂ ಒಟ್ಟಿಗೆ ಏರಿದರೆ ವಾಲ್ಯೂಮ್ ನಾಬ್ ತಿರುಗಿಸಿದಂತೆ ಕೇಳಿಸುತ್ತದೆ, ಉಬ್ಬುವುದಿಲ್ಲ.

ಇಷ್ಟಾದ ಮೇಲೆ ಸೀನ್ ಎ ಅನ್ನು ಸೀನ್ ಬಿ ಗೆ ನಕಲು ಮಾಡಿ, ಎರಡೂ ಒಟ್ಟಿಗೆ ನುಡಿಯುವ ಡ್ಯುಯಲ್ ಮೋಡ್ ಹಾಕಿ, ಬಿ ಯ ಶ್ರುತಿಯನ್ನು 6ರಿಂದ 8 ಸೆಂಟ್ (ಸೆಮಿಟೋನಿನ ನೂರನೆಯ ಭಾಗ ಒಂದು ಸೆಂಟ್) ಮೇಲಕ್ಕೆ ಸರಿಸಿ. ಬಿ ಯನ್ನು ಎ ಯ ಪಡಿಯಚ್ಚಾಗಿ ಬಿಡಬೇಡಿ. ಅದರ ಫಿಲ್ಟರ್ ಅಟ್ಯಾಕ್ ಅನ್ನು 700 ಮಿಲಿಸೆಕೆಂಡಿಗೆ ಏರಿಸಿ, ಶಿಖರವನ್ನು ಅರ್ಧ ಸ್ಥಾಯಿ ತಗ್ಗಿಸಿ. ಒಂದು ಪದರ ಮುಂದೆ, ಇನ್ನೊಂದು ತುಸು ಹಿಂದೆ ತೆರೆದುಕೊಂಡಾಗ ಕಿವಿಗೆ ಅದು ಒಂದೇ ದೊಡ್ಡ ವಾದ್ಯವಾಗಿ ತೋರುತ್ತದೆ. ಕೆಳಸ್ಥಾಯಿಯ ಎರಡು ಸ್ವರಗಳನ್ನು ಐದನೆಯ ಅಂತರದಲ್ಲಿ, ಅಂದರೆ ಷಡ್ಜ ಪಂಚಮವಾಗಿ, ಹಿಡಿದು ಕೇಳಿ. ನಿಮಗೆ ಗುರುತು ಸಿಗುತ್ತದೆ.

ಎಲ್ಲ ಹಾಗೆಯೇ ಇಟ್ಟಿದ್ದೇನೆ, ಆದರೂ ನನ್ನದು ಪ್ಲಾಸ್ಟಿಕ್ ಥರ ಕೇಳಿಸುತ್ತದೆ. ಏನು ತಪ್ಪಾಗಿದೆ?

ಬಹುಶಃ ತಪ್ಪೇನೂ ಆಗಿಲ್ಲ; ತಪ್ಪು ಇಲ್ಲದಿರುವುದೇ ತೊಂದರೆ. ಅಸಲಿ ವಾದ್ಯದ ಎಂಟು ಸ್ವರಗಳಿಗೆ ಎಂಟು ಬೇರೆಬೇರೆ ಸರ್ಕ್ಯೂಟುಗಳಿದ್ದವು, ಒಂದು ಇನ್ನೊಂದರಂತೆ ಇರಲಿಲ್ಲ. ಒಂದರ ಶ್ರುತಿ ಕೂದಲೆಳೆಯಷ್ಟು ಮೇಲೆ, ಇನ್ನೊಂದರ ಫಿಲ್ಟರ್ ತುಸು ಮಂಕು. ಅದೇ ಸ್ವರವನ್ನು ಎರಡು ಸಲ ನುಡಿಸಿದರೆ ಎರಡನೆಯ ಸಲ ಬೇರೆ ಸರ್ಕ್ಯೂಟಿನಿಂದ ಬರಬಹುದಾಗಿತ್ತು.

ಸರ್ಜ್‌ನ ಪ್ರತಿ ಸೀನಿನಲ್ಲೂ ಶ್ರುತಿಯನ್ನು ತುಸು ಅಲೆದಾಡಿಸುವ ಡ್ರಿಫ್ಟ್ ಎಂಬ ಸ್ಲೈಡರ್ ಇದೆ. ಅದನ್ನು ಶೇಕಡ 15ರಿಂದ 25ರ ನಡುವೆ ಇಡಿ. ಆಮೇಲೆ ಕೀ ಒತ್ತಿದಾಗಲೆಲ್ಲ ಒಂದು ಯಾದೃಚ್ಛಿಕ ಮೌಲ್ಯ ಹುಟ್ಟಿಸುವ ಮಾಡ್ಯುಲೇಟರನ್ನು ಲೋಪಾಸಿನ ಕಟ್‌ಆಫ್‌ಗೆ ಒಂದೆರಡು ಸೆಮಿಟೋನಿನಷ್ಟು ಮಾತ್ರ ಜೋಡಿಸಿ. ಇದು ಕೇಳಿಸಬಾರದು, ತೆಗೆದಾಗ ಮಾತ್ರ ಏನೋ ಕಡಿಮೆಯಾಯಿತೆಂದು ಅನ್ನಿಸಬೇಕು. ಡ್ರಿಫ್ಟ್ ಅನ್ನು ಶೇಕಡ 60ಕ್ಕೆ ಏರಿಸಿ 'ಅನಲಾಗ್ ಅಂದರೆ ಹೀಗೆ' ಎನ್ನುವವರಿದ್ದಾರೆ. ಅದು ಅನಲಾಗ್ ಅಲ್ಲ, ಶ್ರುತಿ ಮಾಡದ ಹಾರ್ಮೋನಿಯಂ.

ಅದೇ ವಾದ್ಯದಲ್ಲಿ ಸೈನ್ ತರಂಗ ಬೇರೆಯಾಗಿ ಇತ್ತಂತೆ, ಅದು ಯಾಕೆ?

ಸಿಎಸ್-80ರಲ್ಲಿ ಸೈನ್ ತರಂಗವು ಫಿಲ್ಟರನ್ನು ಹಾದು ಹೋಗದೆ, ಅದರ ನಂತರ ಸೇರಿಕೊಳ್ಳುತ್ತದೆ. ಹೈಪಾಸ್ ಅನ್ನು ಬಹಳ ಮೇಲಕ್ಕೆ ಎತ್ತಿ ನಾದವನ್ನು ತೆಳ್ಳಗೆ ಮಾಡಿದರೂ ಸ್ವರದ ಮೂಲ ಕಂಪನಾಂಕ ಉಳಿದಿರುತ್ತದೆ. ಗಾಜಿನಂಥ ಆದರೆ ಪೊಳ್ಳಲ್ಲದ ನಾದಗಳ ಗುಟ್ಟು ಇದು. ಸರ್ಜ್‌ನಲ್ಲಿ ಎರಡನೆಯ ಆಸಿಲೇಟರನ್ನು ಸೈನ್ ಮಾಡಿ, ಮಿಕ್ಸರಿನಲ್ಲಿ ಅದನ್ನು ಎರಡನೆಯ ಫಿಲ್ಟರಿಗೆ ಮಾತ್ರ ಕಳುಹಿಸಿದರೆ ಹೈಪಾಸ್ ತಪ್ಪುತ್ತದೆ, ಹತ್ತಿರದ ಫಲ ಸಿಗುತ್ತದೆ.

ರಿವರ್ಬ್ (ಹಜಾರದಲ್ಲಿ ಕೇಳುವಂಥ ಅನುರಣನ) ಎಷ್ಟು ಹಾಕಬೇಕು? ಯಾವುದು ಹಾಕಬೇಕು?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ನಾನು ಮೊದಲ ಸಲ ಈ ಪ್ಯಾಚ್ ಕಟ್ಟಿದಾಗ ಮೂರು ವಾರ ಆಸಿಲೇಟರುಗಳ ಡಿಟ್ಯೂನ್ ಅನ್ನು ಅರ್ಧರ್ಧ ಸೆಂಟ್ ಸರಿಸುತ್ತ ಕುಳಿತಿದ್ದೆ. ಕೊರತೆ ಇದ್ದದ್ದು ಸಿಂಥ್‌ನಲ್ಲಿ ಅಲ್ಲವೇ ಅಲ್ಲ. ನೀಮೊ ಸ್ಟುಡಿಯೋದಲ್ಲಿ ಲೆಕ್ಸಿಕಾನ್ 224 ಎಂಬ ಡಿಜಿಟಲ್ ರಿವರ್ಬ್ ಯಂತ್ರ ಇತ್ತು. 1978ರಲ್ಲಿ ಮಾರುಕಟ್ಟೆಗೆ ಬಂದ ಆ ಯಂತ್ರದ ಬಾಲ (ಸ್ವರ ನಿಂತ ಮೇಲೆ ಉಳಿಯುವ ಅನುರಣನ) ನಿಶ್ಚಲವಾಗಿರುವುದಿಲ್ಲ, ಒಳಗೊಳಗೇ ಮೆಲ್ಲಗೆ ಅಲುಗಾಡುತ್ತಿರುತ್ತದೆ. ಆದ್ದರಿಂದ ಸ್ವರ ನಿಂತ ಮೇಲೂ ಜೀವ ಉಳಿದಂತೆ ಕೇಳಿಸುತ್ತದೆ.

ಆ ಯಂತ್ರವನ್ನೇ ನಕಲಿಸಿದ ಪ್ಲಗಿನ್‌ಗಳಲ್ಲಿ ಆರ್ಟೂರಿಯಾದ ರೆವ್ ಎಲ್‌ಎಕ್ಸ್-24 ಒಂದು. ವಲ್ಹಲ್ಲಾದ ವಿಂಟೇಜ್‌ವರ್ಬ್ ಅದೇ ಕಾಲದ ಗುಣವನ್ನು ಕೊಡುತ್ತದೆ. ಉಚಿತವಾಗಿ ಬೇಕೆಂದರೆ ಡ್ರ್ಯಾಗನ್‌ಫ್ಲೈ ಹಾಲ್ ಸಾಕು. ಅಳತೆ ಹೀಗಿರಲಿ: ಹಾಲ್ ಮಾದರಿ, ಡಿಕೇ 4ರಿಂದ 6 ಸೆಕೆಂಡ್, ಪ್ರಿಡಿಲೇ (ಅನುರಣನ ಶುರುವಾಗುವ ಮುಂಚಿನ ತಡ) 30 ಮಿಲಿಸೆಕೆಂಡ್, ಮಾಡ್ಯುಲೇಶನ್ ಸಾಧಾರಣ, 5,000 ಹರ್ಟ್ಸ್‌ನಿಂದ ಮೇಲಿನದನ್ನು ಕತ್ತರಿಸುವುದು, 150ರಿಂದ ಕೆಳಗಿನದನ್ನೂ ಕತ್ತರಿಸುವುದು. ರಿವರ್ಬನ್ನು ಸಿಂಥ್‌ನ ಟ್ರ್ಯಾಕಿನ ಮೇಲೆಯೇ ಹಾಕದೆ ಧ್ವನಿಯ ಒಂದು ಪಾಲನ್ನು ಕಳುಹಿಸುವ ಬೇರೆ ಸೆಂಡ್ ಟ್ರ್ಯಾಕಿನಲ್ಲಿ ಇಡಿ. ನುಡಿಸುವಾಗಲೂ ಅದನ್ನು ಕೇಳುತ್ತಲೇ ನುಡಿಸಿ. ಒಣ ಧ್ವನಿಯಲ್ಲಿ ನುಡಿಸಿ ಆಮೇಲೆ ರಿವರ್ಬ್ ಸೇರಿಸಿದರೆ ನಿಮ್ಮ ಬೆರಳು ಅವಸರ ಮಾಡಿರುತ್ತದೆ. ಬಾಲ ಮುಗಿಯುವವರೆಗೆ ಕಾಯುವ ತಾಳ್ಮೆ ರಿವರ್ಬ್ ಕೇಳಿದಾಗ ಮಾತ್ರ ಬರುತ್ತದೆ.

ಭಾಗ 3: ಬೆರಳಿನ ಕೆಲಸ

ಆಫ್ಟರ್‌ಟಚ್ (ಕೀ ಬಿದ್ದ ಮೇಲಿನ ಒತ್ತಡವನ್ನು ಗ್ರಹಿಸುವ ಸೌಲಭ್ಯ) ಇರುವ ಕೀಬೋರ್ಡ್ ಕೊಂಡಿದ್ದೇನೆ, ಆದರೂ ಒಂದು ಸ್ವರ ಒತ್ತಿದರೆ ಎಲ್ಲವೂ ಉಬ್ಬುತ್ತವೆ. ಏಕೆ?

ನಿಮ್ಮದು ಚಾನೆಲ್ ಆಫ್ಟರ್‌ಟಚ್. ಅದು ಕೀಬೋರ್ಡಿನ ಕೆಳಗೆ ಹಾಸಿದ ಒಂದೇ ಪಟ್ಟಿಯಂತೆ ಕೆಲಸ ಮಾಡುತ್ತದೆ. ಯಾವ ಕೀ ಒತ್ತಿದರೂ ಒಟ್ಟು ಒತ್ತಡದ ಒಂದೇ ಸಂಖ್ಯೆ ಹೋಗುತ್ತದೆ. ಸಿಎಸ್-80ರದು ಪಾಲಿಫೋನಿಕ್ ಆಫ್ಟರ್‌ಟಚ್; ಪ್ರತಿ ಕೀಗೂ ಬೇರೆ ಸಂಖ್ಯೆ. ಕೀಬೋರ್ಡ್ ಮತ್ತು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ಭಾಷೆಯಾದ ಮಿಡಿಯಲ್ಲಿ ಇವೆರಡೂ ಬೇರೆಬೇರೆ ಸಂದೇಶಗಳು. ಪೆಟ್ಟಿಗೆಯ ಮೇಲೆ ಬರಿಯ 'ಆಫ್ಟರ್‌ಟಚ್' ಎಂದಿದ್ದರೆ ಅದು ಚಾನೆಲ್ ಎಂದೇ ತಿಳಿಯಬೇಕು. ನಾನೂ ಒಮ್ಮೆ ಅಂಗಡಿಯವರ ಮಾತು ನಂಬಿ, ಮನೆಗೆ ತಂದು, ಮೊದಲ ಮೇಳ ಹಿಡಿದಾಗಲೇ ತಿಳಿದುಕೊಂಡೆ.

ಪಾಲಿಫೋನಿಕ್ ಇರುವ ಕೀಬೋರ್ಡ್‌ಗಳು ಬಹುಕಾಲ ಅಪರೂಪವಾಗಿದ್ದವು. 2019ರಲ್ಲಿ ಬಂದ ಎಎಸ್‌ಎಂ ಹೈಡ್ರಾಸಿಂಥ್‌ನಲ್ಲಿ ಅದಿದೆ. 2023ರಲ್ಲಿ ಬಂದ ಕಾರ್ಗ್ ಕೀಸ್ಟೇಜ್ ಮತ್ತು ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಂಟ್ರೋಲ್ ಎಸ್ ಸರಣಿಯ ಮೂರನೆಯ ಪೀಳಿಗೆಯಲ್ಲೂ ಇದೆ. ಸರ್ಜ್‌ನಲ್ಲಿ 'ಪಾಲಿ ಎಟಿ' ಎಂಬ ಮಾಡ್ಯುಲೇಶನ್ ಮೂಲವನ್ನು ಎಳೆದು ಮೂರು ಕಡೆ ಜೋಡಿಸಬೇಕು: ಲೋಪಾಸ್ ಕಟ್‌ಆಫ್‌ಗೆ ಸುಮಾರು 18 ಸೆಮಿಟೋನ್, ಧ್ವನಿಮಟ್ಟಕ್ಕೆ ಎರಡು ಮೂರು ಡಿಬಿ, ಮತ್ತು ಸೆಕೆಂಡಿಗೆ ಐದೂವರೆ ಸಲ ಆಡುವ ಎಲ್‌ಎಫ್‌ಒ (ನಿಧಾನದ ಆಸಿಲೇಟರ್) ಮೂಲಕ ಶ್ರುತಿಗೆ ಹತ್ತು ಹದಿನೈದು ಸೆಂಟ್ ಕಂಪನ. 800 ಹರ್ಟ್ಸ್‌ನಲ್ಲಿ ನೆಲೆಸಿದ್ದ ಸ್ವರ ಪೂರ್ತಿ ಒತ್ತಿದಾಗ ಸುಮಾರು 2,260ಕ್ಕೆ ತೆರೆದುಕೊಳ್ಳುತ್ತದೆ.

ಪಾಲಿ ಆಫ್ಟರ್‌ಟಚ್ ಕೀಬೋರ್ಡಿಗೆ ದುಡ್ಡಿಲ್ಲ. ಬೇರೆ ಉಪಾಯ ಇಲ್ಲವೇ?

ಇದೆ, ಮತ್ತು ಅದರ ಫಲ ಚೆನ್ನಾಗಿಯೇ ಬರುತ್ತದೆ. ನಾಲ್ಕು ಸ್ವರಗಳ ಮೇಳವನ್ನು ಒಟ್ಟಿಗೆ ನುಡಿಸದೆ, ನಾಲ್ಕು ಟ್ರ್ಯಾಕುಗಳಲ್ಲಿ ಒಂದೊಂದೇ ಸ್ವರವಾಗಿ ನುಡಿಸಿ. ಬಲಗೈ ಸ್ವರ ಹಿಡಿಯಲಿ, ಎಡಗೈ ಮಾಡ್ಯುಲೇಶನ್ ಚಕ್ರದ ಮೇಲಿರಲಿ. ಮೇಲೆ ಹೇಳಿದ ಮೂರು ಜೋಡಣೆಗಳನ್ನು ಪಾಲಿ ಎಟಿ ಬದಲು ಆ ಚಕ್ರಕ್ಕೆ ಕೊಡಿ. ಪ್ರತಿ ಟ್ರ್ಯಾಕಿಗೂ ತನ್ನದೇ ಏರಿಳಿತ ಸಿಕ್ಕಿಬಿಡುತ್ತದೆ. ಒಂದು ನಿಮಿಷದ ಸಂಗೀತಕ್ಕೆ ಒಂದು ಸಂಜೆ ಹಿಡಿಯುತ್ತದೆ ನಿಜ, ಆದರೆ ಪ್ರತಿ ಸ್ವರವನ್ನೂ ಬೇರೆಯಾಗಿ ಯೋಚಿಸುವ ಅಭ್ಯಾಸ ಬರುವುದೂ ಹೀಗೆಯೇ.

ಮೌಸ್‌ನಲ್ಲಿ ಏರಿಳಿತದ ಗೆರೆ ಎಳೆಯುವವರಿಗೆ ಒಂದು ಸಲಹೆ: ನೇರ ಇಳಿಜಾರಿನ ಗೆರೆ ಬೇಡ. ಬೆರಳು ಮೊದಲು ಹಿಂಜರಿದು, ಆಮೇಲೆ ಬೇಗ ಏರಿ, ತುದಿಯಲ್ಲಿ ಸ್ವಲ್ಪ ಅತ್ತಿತ್ತ ಆಗುತ್ತದೆ. ಗೆರೆಯೂ ಹಾಗೆಯೇ ಇರಲಿ.

ನಾನು ನುಡಿಸಿದ್ದು ಯಾವಾಗಲೂ ತಾಳಕ್ಕಿಂತ ಹಿಂದೆ ಬೀಳುತ್ತದೆ. ಬಫರ್ ಸರಿಯಾಗಿಯೇ ಇದೆ.

ಅಟ್ಯಾಕ್ ಉದ್ದವಿರುವ ಪ್ಯಾಚಿನಲ್ಲಿ ಕೀ ಒತ್ತಿದ ಗಳಿಗೆ ಬೇರೆ, ಸ್ವರ ಬಂದಿತೆಂದು ಕಿವಿ ಒಪ್ಪುವ ಗಳಿಗೆ ಬೇರೆ. ಕಾಲು ಸೆಕೆಂಡಿನಷ್ಟು ಮುಂಚೆ ಒತ್ತಲು ಕಲಿಯಬೇಕು. ಕ್ವಾಂಟೈಸ್ ಮಾಡಬೇಡಿ; ಅದು ಕೀ ಒತ್ತಿದ ಗಳಿಗೆಯನ್ನು ತಾಳಕ್ಕೆ ಕೂರಿಸಿ ಸ್ವರವನ್ನು ಇನ್ನಷ್ಟು ಹಿಂದೆ ತಳ್ಳುತ್ತದೆ.

ರಿಬ್ಬನ್ ಇಲ್ಲದೆ ಆ ಜಾರುವಿಕೆಯನ್ನು ತರಬಹುದೇ?

ತಕ್ಕಮಟ್ಟಿಗೆ ತರಬಹುದು. ಸಿಎಸ್-80ರ ರಿಬ್ಬನ್ ಪಟ್ಟಿಯಲ್ಲಿ ಬೆರಳು ಮೊದಲು ಮುಟ್ಟಿದ ಜಾಗವೇ ಸೊನ್ನೆ; ಅಲ್ಲಿಂದ ಬಲಕ್ಕೆ ಜಾರಿದರೆ ಶ್ರುತಿ ಏರುತ್ತದೆ, ಎಡಕ್ಕೆ ಇಳಿಯುತ್ತದೆ, ಬೆರಳು ಎತ್ತಿದರೆ ಹಳೆಯ ಸ್ವರಕ್ಕೆ ಹಾರುತ್ತದೆ. ಪಿಚ್ ಚಕ್ರದ ಸ್ಪ್ರಿಂಗ್ ಈ ಕೊನೆಯ ಹಾರಾಟವನ್ನು ಕೊಡಬಲ್ಲದು, ಆದರೆ ನಿಧಾನದ ಎಳೆತಕ್ಕೆ ಅಡ್ಡಿಮಾಡುತ್ತದೆ. ಬೆಂಡ್ ವ್ಯಾಪ್ತಿಯನ್ನು 12 ಸೆಮಿಟೋನಿಗೆ ಏರಿಸಿ, ಚಕ್ರವನ್ನು ಹೆಬ್ಬೆರಳಿನಿಂದ ತಳ್ಳುವ ಬದಲು ಅಂಗೈ ಬದಿಯಿಂದ ಉರುಳಿಸಿದರೆ ಹಿಡಿತ ಚೆನ್ನಾಗಿರುತ್ತದೆ. ಸ್ಪರ್ಶಪಟ್ಟಿ ಇರುವ ಕೀಬೋರ್ಡಾದರೆ ಇನ್ನೂ ಒಳ್ಳೆಯದು.

ಇದೇ ನಾದದಲ್ಲಿ ನಮ್ಮ ರಾಗಗಳನ್ನು ಗಮಕಸಹಿತ ನುಡಿಸಬಹುದೇ?

ಕರ್ನಾಟಕ ಸಂಗೀತ ಕಲಿತವರಿಂದ ಈ ಪ್ರಶ್ನೆ ಬಾರದ ತಿಂಗಳಿಲ್ಲ. ನುಡಿಸಬಹುದು, ಒತ್ತಡದಿಂದ ಸ್ವರಕ್ಕೆ ಜೀವ ತುಂಬುವ ಈ ಕ್ರಮ ವೀಣೆಯ ತಂತಿಯನ್ನು ಎಡಗೈ ಎಳೆಯುವುದಕ್ಕೆ ದೂರದ ನೆಂಟಸ್ತಿಕೆಯುಳ್ಳದ್ದೇ. ತೊಡಕು ಇರುವುದು ಶ್ರುತಿಯ ಜೊತೆ. ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಬಲಗೈಯಲ್ಲಿ ಗಾಂಧಾರವನ್ನು ಪಿಚ್ ಚಕ್ರದಿಂದ ಎಳೆದರೆ ಷಡ್ಜವೂ ಜೊತೆಯಲ್ಲೇ ಎಳೆದುಕೊಂಡು ಹೋಗುತ್ತದೆ. ಶ್ರುತಿಯೇ ಅಲುಗಾಡಿದ ಮೇಲೆ ಗಮಕಕ್ಕೆ ಏನರ್ಥ?

ಎರಡು ದಾರಿಗಳಿವೆ. ಸುಲಭವಾದದ್ದು ಶ್ರುತಿಯನ್ನು ಬೇರೆ ಟ್ರ್ಯಾಕಿನಲ್ಲಿ ಮೊದಲೇ ಹಿಡಿದಿಟ್ಟು, ರಾಗವನ್ನು ಏಕಸ್ವರದ ಪ್ಯಾಚಿನಲ್ಲಿ ನುಡಿಸುವುದು. ಇನ್ನೊಂದು ಎಂಪಿಇ ಎಂಬ ವ್ಯವಸ್ಥೆ. 2018ರಲ್ಲಿ ಮಿಡಿಯ ಅಂಗವಾಗಿ ಅಂಗೀಕಾರವಾದ ಇದರಲ್ಲಿ ಒತ್ತಿದ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಸಿಗುವುದರಿಂದ ಒಂದನ್ನು ಮಾತ್ರ ಎಳೆಯಬಹುದು. ರೋಲಿ ಸೀಬೋರ್ಡ್‌ನಂಥ ಉಪಕರಣ ಅದಕ್ಕೆ ಬೇಕು. ಸರ್ಜ್ ಅದನ್ನು ಒಪ್ಪುತ್ತದೆ. ಯಾವ ದಾರಿಯಾದರೂ ಒಂದು ಬದಲಾವಣೆ ಅಗತ್ಯ: ಒತ್ತಡಕ್ಕೆ ಜೋಡಿಸಿದ್ದ ಎಲ್‌ಎಫ್‌ಒ ಕಂಪನವನ್ನು ತೆಗೆದುಹಾಕಿ. ಯಂತ್ರದ ಸಮವೇಗದ ನಡುಕ ಕಂಪಿತ ಗಮಕದ ಜಾಗದಲ್ಲಿ ಕುಳಿತರೆ ತೋಡಿಯ ಗಾಂಧಾರ ಗುರುತೇ ಸಿಗದಂತಾಗುತ್ತದೆ. ಜಾರು ಮಾತ್ರ ಈ ನಾದಕ್ಕೆ ಬಹಳ ಒಗ್ಗುತ್ತದೆ.

ಭಾಗ 4: ಮುಂದುವರಿದವರಿಗೆ

ರಿಂಗ್ ಮಾಡ್ಯುಲೇಟರ್ ಅನ್ನು ಹಾಕಿದರೆ ಬರೀ ಗದ್ದಲ ಬರುತ್ತದೆ. ಅವರು ಹೇಗೆ ಬಳಸುತ್ತಿದ್ದರು?

ಸಿಎಸ್-80ರ ರಿಂಗ್ ಮಾಡ್ಯುಲೇಟರ್ (ನಾದವನ್ನು ಇನ್ನೊಂದು ತರಂಗದಿಂದ ಗುಣಿಸುವ ಭಾಗ) ಇಡೀ ವಾದ್ಯಕ್ಕೆ ಒಂದೇ. ಮತ್ತು ಅದಕ್ಕೆ ತನ್ನದೇ ಅಟ್ಯಾಕ್, ಡಿಕೇ ಇವೆ. ಅಂದರೆ ಅದು ಶಾಶ್ವತವಾಗಿ ಚಾಲ್ತಿಯಲ್ಲಿರಬೇಕಾದ ಪರಿಣಾಮವಲ್ಲ, ಸ್ವರದ ಜೊತೆ ಹುಟ್ಟಿ ಅಡಗಬಹುದಾದ ಪರಿಣಾಮ. ನಿಧಾನದ ವೇಗದಲ್ಲಿ ಅದು ನಡುಕವಾಗಿ ಕೇಳಿಸುತ್ತದೆ, ವೇಗ ಏರಿದಂತೆ ಲೋಹದ ಗಂಟೆಯಾಗುತ್ತದೆ. ಸರ್ಜ್‌ನಲ್ಲಿ ರಿಂಗ್ ಮಾಡ್ಯುಲೇಟರ್ ಎಫೆಕ್ಟ್ ಹಾಕಿ, ಮಿಶ್ರಣವನ್ನು ಶೇಕಡ 20ರೊಳಗೆ ಇಟ್ಟು, ಅದನ್ನು ಆಟೊಮೇಶನ್‌ನಿಂದ (ಟ್ರ್ಯಾಕಿನಲ್ಲಿ ಬರೆದಿಟ್ಟ ಏರಿಳಿತದ ಗೆರೆಯಿಂದ) ಸ್ವರದ ಆರಂಭದಲ್ಲಿ ಏರಿಸಿ ಒಂದು ಸೆಕೆಂಡಿನಲ್ಲಿ ಇಳಿಸಿ. ಗದ್ದಲದ ಬದಲು ಗಂಟೆಯ ಬಡಿತ ಸಿಗುತ್ತದೆ.

ಎರಡು ಕಂಪನಿಗಳ ಸಿಎಸ್-80 ನಕಲುಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಯಾವುದು ಸರಿ?

ಎರಡೂ ಸರಿಯಿರಬಹುದು. ಉಳಿದಿರುವ ಅಸಲಿ ವಾದ್ಯಗಳೇ ಒಂದರಂತೆ ಒಂದಿಲ್ಲ; ಒಳಗಿನ ನೂರಾರು ಟ್ರಿಮ್ಮರುಗಳನ್ನು (ಸೂಕ್ಷ್ಮ ಹೊಂದಿಕೆಯ ತಿರುಪುಗಳನ್ನು) ಯಾರು ಹೇಗೆ ಹೊಂದಿಸಿದರೋ ಹಾಗಿವೆ. ಆದ್ದರಿಂದ ಪ್ಲಗಿನ್‌ಗಳ ಹೆಸರು ಮರೆತು ಧ್ವನಿಮುದ್ರಣದ ಜೊತೆ ಹೋಲಿಸುವುದು ಮೇಲು. ಹೋಲಿಸುವ ಮೊದಲು ಎರಡರ ಧ್ವನಿಮಟ್ಟವನ್ನು ಸಮ ಮಾಡಿ, ಏಕೆಂದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಎರಡನ್ನೂ ಮೊನೊ ಮಾಡಿ ಕೇಳಿ. ಮೊದಲು 300 ಹರ್ಟ್ಸ್‌ನ ಕೆಳಗಿನದನ್ನು ಮಾತ್ರ, ಆಮೇಲೆ 2,000ದ ಮೇಲಿನದನ್ನು ಮಾತ್ರ ಕೇಳಿ ನೋಡಿ. ವ್ಯತ್ಯಾಸ ಎಲ್ಲಿದೆ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. ಮೇಲುಭಾಗ ಹರಿತವಾಗಿದ್ದರೆ ಸಿಂಥ್‌ಗೆ ಕೈಹಾಕುವ ಮುನ್ನ ಟೇಪಿನ ಮೃದುತ್ವ ತರುವ ಸ್ಯಾಚುರೇಶನ್ ಪ್ಲಗಿನ್ ಒಂದನ್ನು ಹದವಾಗಿ ಹಾಕಿ. ಮೂಲ ನಾದ ನಮ್ಮನ್ನು ತಲುಪಿದ್ದು ಟೇಪಿನ ಮೂಲಕ.

ಪಾಲಿಫೋನಿ (ಒಟ್ಟಿಗೆ ನುಡಿಯಬಲ್ಲ ಸ್ವರಗಳ ಮಿತಿ) 64 ಇಟ್ಟರೆ ಕಂಪ್ಯೂಟರ್ ಒದ್ದಾಡುತ್ತದೆ, ಎಷ್ಟು ಸಾಕು?

ಎಂಟು ಸ್ವರ. ಅಸಲಿ ವಾದ್ಯದಲ್ಲಿ ಇದ್ದದ್ದೇ ಅಷ್ಟು. ರಿಲೀಸ್ ಉದ್ದವಿರುವಾಗ ಒಂಬತ್ತನೆಯ ಸ್ವರ ಒತ್ತಿದರೆ ಹಳೆಯದೊಂದು ಮಾಯವಾಗುವುದೂ ಆ ನಾದದ ಭಾಗವೇ. 64 ಬಾಲಗಳು ಒಂದರ ಮೇಲೊಂದು ಬಿದ್ದರೆ ಕೆಸರಾಗುತ್ತದೆ.

ಇನ್ನೊಬ್ಬರ ನಾದವನ್ನು ಹೀಗೆ ನಕಲು ಮಾಡಿ ನನ್ನ ಹಾಡಿನಲ್ಲಿ ಬಳಸಿದರೆ ಕಾನೂನಿನ ತೊಂದರೆ ಬರುತ್ತದೆಯೇ?

ನಾದದ ಬಣ್ಣಕ್ಕೆ, ಅಂದರೆ ನೀವೇ ಕಟ್ಟಿದ ಪ್ಯಾಚಿಗೆ, ಹಕ್ಕುಸ್ವಾಮ್ಯ ಅಡ್ಡಬರುವುದಿಲ್ಲ. ಹಿತ್ತಾಳೆಯಂಥ ನಾದ ಯಾರ ಸ್ವತ್ತೂ ಅಲ್ಲ. ರಚನೆ ಮತ್ತು ಧ್ವನಿಮುದ್ರಣ ಎರಡಕ್ಕೂ ಬೇರೆಬೇರೆಯಾಗಿ ರಕ್ಷಣೆಯಿದೆ. ಭಾರತದ 1957ರ ಕಾಯ್ದೆಯ ಪ್ರಕಾರ ಸಂಗೀತ ರಚನೆಯ ಹಕ್ಕು ರಚನೆಕಾರರ ಮರಣದ ನಂತರ 60 ವರ್ಷ ಇರುತ್ತದೆ. ಆದ್ದರಿಂದ ಅವರ ರಾಗಸಂಚಾರವನ್ನೇ ನುಡಿಸಿ ಪ್ರಕಟಿಸುವುದಾದರೆ ಅನುಮತಿ ಬೇಕು, ಮುದ್ರಣದಿಂದ ಎರಡು ಸೆಕೆಂಡು ಕತ್ತರಿಸಿ ಅಂಟಿಸುವುದಾದರೂ ಬೇಕು. ಮನೆಯಲ್ಲಿ ಕುಳಿತು ಕಲಿಯಲು ನುಡಿಸುವುದನ್ನು ಯಾರೂ ಕೇಳುವುದಿಲ್ಲ. ಹಾಗೆಯೇ, ಕೊಂಡ ಪ್ರಿಸೆಟ್ ಸಂಚಿಕೆಗಳನ್ನು ಹಾಡಿನಲ್ಲಿ ಬಳಸಲು ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ, ಅವುಗಳನ್ನೇ ಇನ್ನೊಬ್ಬರಿಗೆ ಹಂಚಲು ಇರುವುದಿಲ್ಲ. ಕೊಳ್ಳುವಾಗ ಪರವಾನಗಿಯ ಆ ಸಾಲನ್ನು ಓದಿಕೊಳ್ಳಿ.